ಮಿಷನ್ನು ಹೇಳಿದ ಸುಳ್ಳು

ಅಪ್ಪನ ಟ್ರಂಕಿನಲ್ಲಿ ಸಿಹಿ ಸಿಗಲಿಲ್ಲ. ರೈಲ್ವೆಯ ಹಳೇ ಯೂನಿಫಾರ್ಮು, ಪಿಂಚಣಿ ಪುಸ್ತಕ, ಎರಡು ಪಂಚೆ, ಅಷ್ಟೆ. ಮಾಲಿನಿ ಮಂಚದ ಕೆಳಗೆ ಬಗ್ಗಿ ನೋಡಿದಳು. ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬದೊಳಗೂ ಕೈಯಾಡಿಸಿದಳು. ಅಪ್ಪ ಹನುಮಯ್ಯ ಕದ್ದು ತಿನ್ನುತ್ತಿದ್ದಾರೆ ಎಂಬುದರಲ್ಲಿ ಅವಳಿಗೆ ಅನುಮಾನ ಉಳಿದಿರಲಿಲ್ಲ. ಮುದ್ದೆ, ಸೊಪ್ಪಿನ ಸಾರು ಬಿಟ್ಟು ಬೇರೇನೂ ಉಣ್ಣದ ಮನುಷ್ಯನಿಗೆ ಬರಿಹೊಟ್ಟೆಯಲ್ಲಿ ಶುಗರ್ ಮುನ್ನೂರ ಹದಿನೆಂಟು ಬರುವುದು ಹೇಗೆ?

“ಏನೇ ಹುಡುಕ್ತಿದ್ದೀಯ?” ಚಲುವಮ್ಮ ಬಾಗಿಲಲ್ಲಿ ನಿಂತು ಕೇಳಿದರು.

“ಅಪ್ಪ ಬಚ್ಚಿಟ್ಟಿರೋ ಮಿಠಾಯಿ.”

“ಅವ್ರು ಏನೂ ಬಾಯಿಗೆ ಹಾಕ್ಕಳಲ್ಲ ಕಣೇ. ದಿನವೆಲ್ಲ ನನ್ನ ಕಣ್ಮುಂದೇನೇ ಇರ್ತಾರೆ.”

“ಹಾಗಾದ್ರೆ ಮಿಷನ್ನು ಸುಳ್ಳು ಹೇಳುತ್ತಾ ಅವ್ವ?”

ಚಲುವಮ್ಮ ಚೊಂಬಿನ ನೀರನ್ನು ನಿಲ್ಲಿಸದೆ ಕುಡಿದು ಮುಗಿಸಿದರು. “ಅದಕ್ಕೇನು ಗೊತ್ತು. ಕೊಟ್ಟಿದ್ದನ್ನ ಹೇಳ್ತದೆ.”

ಶುಗರ್ ನೋಡುವ ಆ ಮಿಷನ್ನನ್ನು ಹಟ ಹಿಡಿದು ತರಿಸಿದವಳು ಮಾಲಿನಿಯೇ. ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ ಅದಕ್ಕೆ ಎರಡೂವರೆ ಸಾವಿರ ರೂಪಾಯಿ. ಒಂದೊಂದು ಸಲ ರಕ್ತ ನೋಡುವುದಕ್ಕೂ ಇಪ್ಪತ್ತೈದು ರೂಪಾಯಿಯ ಒಂದು ಪಟ್ಟಿ ಬೇರೆ. ಮಾದಿಹಳ್ಳಿಯ ಶಾಲೆಯಲ್ಲಿ ಟೀಚರ್ ಕೆಲಸ ಮಾಡುತ್ತ, ಭಾನುವಾರಕ್ಕೊಮ್ಮೆ ಅರಸೀಕೆರೆಗೆ ಬಸ್ಸು ಹತ್ತುವ ಅವಳಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ.

“ಲ್ಯಾಬಿನಲ್ಲಿ ಮೂವತ್ತಕ್ಕೇ ನೋಡ್ತಾರಲ್ಲಕ್ಕ,” ಎಂದಿದ್ದ ತಮ್ಮ ಲಕ್ಷ್ಮೀಶ. ಅಪ್ಪ ಅವ್ವನ ಜೊತೆಗಿದ್ದವನು ಅವನು. ಊರಿನ ಬ್ಯಾಂಕಿನಲ್ಲೇ ಗುಮಾಸ್ತ.

“ಲ್ಯಾಬಿಗೆ ಅಪ್ಪ ಹೋಗ್ಬೇಕಲ್ಲ.”

ಅದು ನಿಜ. ರಿಟೈರಾಗುವ ವರ್ಷ ಮೂತ್ರದಲ್ಲಿ ಸಕ್ಕರೆ ಕಂಡ ಮೇಲೆ ಹನುಮಯ್ಯ ಎರಡು ಸಲ ಲ್ಯಾಬಿಗೆ ಹೋಗಿದ್ದರು. ಎರಡು ಸಲವೂ ಚೀಟಿ ಮಾಡಿಸಿ, ಸರದಿ ಬರುವ ಮೊದಲೇ ಎದ್ದು ಬಂದಿದ್ದರು. ಜನ ಜಾಸ್ತಿ ಎಂದಿದ್ದರು.

ಮಿಷನ್ನು ಬಂದ ದಿನ ಮಾಲಿನಿ ಅವ್ವನಿಗೆ ಅದನ್ನು ಬಳಸುವುದು ಕಲಿಸಿದಳು. ಚಲುವಮ್ಮನಿಗೆ ಓದಲು ಬಾರದಿದ್ದರೂ ಅಂಕಿ ಗೊತ್ತಿತ್ತು. ಅಲ್ಲಿಂದ ಮುಂದೆ ಬುಧವಾರ, ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವರು. ಯಾರಾದರೂ ನೋಡುತ್ತಿದ್ದರೆ ಗಂಡನಿಗೆ ಸಂಕೋಚ ಎನ್ನುವರು ಚಲುವಮ್ಮ. ಸ್ವಲ್ಪ ಹೊತ್ತಿಗೆ ಮಿಷನ್ನು ಹಿಡಿದು ಹೊರಗೆ ಬರುವರು. ಲಕ್ಷ್ಮೀಶನೋ ಮಾಲಿನಿಯೋ ನೋಡಿ ಕ್ಯಾಲೆಂಡರಿನಲ್ಲಿ ಬರೆಯುವರು. ಇನ್ನೂರ ಎಂಬತ್ತಾರು. ಮುನ್ನೂರ ಒಂದು. ಈಗ ಮುನ್ನೂರ ಹದಿನೆಂಟು.

ಟ್ರಂಕು ಮುಚ್ಚಿದ ಮಾಲಿನಿ ಆ ಕ್ಯಾಲೆಂಡರನ್ನೇ ಗೋಡೆಯಿಂದ ತೆಗೆದು ಡಾಕ್ಟರ ಮನೆಗೆ ಒಯ್ದಳು. ಡಾಕ್ಟರು ಅಂಕಿಗಳ ಮೇಲೆ ಬೆರಳಾಡಿಸಿದರು. ಮಾತ್ರೆ ಆಗಲೇ ಅರ್ಧದಿಂದ ಒಂದಕ್ಕೆ ಏರಿತ್ತು. ಈಗ ಎರಡು ಎಂದು ಬರೆದರು.

ಹತ್ತು ದಿನ ಕಳೆದಿತ್ತು. ಬುಧವಾರ ತರಕಾರಿ ತರಲು ಹೋದ ಹನುಮಯ್ಯ ಮಾರ್ಕೆಟ್ಟಿನಲ್ಲಿ ಕುಸಿದುಬಿದ್ದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಮೈಮೇಲೆ ಎಚ್ಚರವಿರಲಿಲ್ಲ. ಬ್ಯಾಂಕಿನಿಂದ ಓಡಿಬಂದ ಲಕ್ಷ್ಮೀಶ ಆಟೋದಲ್ಲಿ ಹಾಕಿಕೊಂಡು ಡಾಕ್ಟರ ಬಳಿಗೆ ಹೋದ. ಎಚ್ಚರವಿಲ್ಲದಾಗಲೇ ನರ್ಸು ರಕ್ತ ತೆಗೆದಳು. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಶುಗರ್ ನಲವತ್ತೆರಡಕ್ಕೆ ಇಳಿದಿತ್ತು.

“ಬೆಳಿಗ್ಗೆ ಮನೇಲಿ ಎಷ್ಟು ತೋರಿಸ್ತು?” ಡಾಕ್ಟರ ಮುಖ ಬಿಳಿಚಿತ್ತು.

“ಇನ್ನೂರ ತೊಂಬತ್ತು.”

“ಮೊದಲು ಆ ಮಿಷನ್ನು ಎಸೀರಿ.”

ಹನುಮಯ್ಯ ಬದುಕಿ ಮನೆಗೆ ಬಂದರು. ಭಾನುವಾರ ಮಾಲಿನಿ ಹೊಸ್ತಿಲು ದಾಟುವ ಮೊದಲೇ ಲಕ್ಷ್ಮೀಶ ಕೇಳಿದ, “ಅಪ್ಪನ್ನ ಕೊಲ್ಲೋಕೆ ಎರಡೂವರೆ ಸಾವಿರ ಕೊಟ್ವೇನಕ್ಕ?”

ಹನುಮಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. “ವಾಪಸ್ ಕೊಟ್ಬಿಡ್ಲಾ. ಆ ಪೀಡೆ ಮನೇಲಿ ಬ್ಯಾಡ.”

“ಅದಲ್ಲ ಕಣ್ರೀ, ನಾನು...” ಎಂದರು ಚಲುವಮ್ಮ.

“ನೀನು ಸುಮ್ನಿರು.”

ಚಲುವಮ್ಮ ಎದ್ದು ಅಡುಗೆಮನೆಗೆ ಹೋದರು. ಮೆಡಿಕಲ್ ಅಂಗಡಿಯವನು ಅರ್ಧ ಬೆಲೆಗೆ ಮಿಷನ್ನು ವಾಪಸ್ ತೆಗೆದುಕೊಂಡ. ಹೊರಡುವಾಗ ಮಾಲಿನಿ ಅಪ್ಪನ ಮಂಚದ ಬಳಿ ಕೂತು, ತಪ್ಪಾಯಿತು ಎಂದು ಅತ್ತಳು. ಹನುಮಯ್ಯ ಅವಳ ತಲೆ ಸವರಿದರು. “ಹೋಗ್ಲಿ ಬಿಡು ಮಗ. ನೀನು ಒಳ್ಳೇದಕ್ಕೇ ಮಾಡ್ದೆ.”

ಆ ಮಾತು ಅವಳನ್ನು ಇನ್ನಷ್ಟು ಕುಗ್ಗಿಸಿತು. ಭಾನುವಾರಗಳು ತಪ್ಪಿದವು. ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಬಂದಾಗಲೂ ಅಪ್ಪನ ಕಣ್ಣು ತಪ್ಪಿಸಿ, ಉಂಡು, ಸಂಜೆಯ ಬಸ್ಸಿಗೆ ಹೊರಟುಬಿಡುವಳು. ಅವ್ವ ಬಲಗಾಲು ಎಳೆದುಕೊಂಡು ಓಡಾಡುತ್ತಿದ್ದುದು ಅವಳ ಗಮನಕ್ಕೆ ಬಂದಿತ್ತು. ಕೇಳಿದರೆ, ಚಪ್ಪಲಿ ಕಚ್ಚಿದ್ದು, ಅರಿಸಿನ ಹಚ್ಚಿದ್ದೀನಿ, ವಾಸಿ ಆಗ್ತದೆ ಎಂದಿದ್ದರು.

ವಾಸಿಯಾಗಲಿಲ್ಲ. ಮಾರನೆಯ ವರ್ಷ, ಗಾಯದ ವಾಸನೆ ಪಡಸಾಲೆಗೆ ಬರುವಂತಾದ ಮೇಲೆ, ಲಕ್ಷ್ಮೀಶ ಅವ್ವನನ್ನು ಹಾಸನದ ದೊಡ್ಡ ಆಸ್ಪತ್ರೆಗೆ ಸೇರಿಸಿದ. ಅವನು ರಕ್ತದ ಬಾಟಲಿಗೆಂದು ಓಡಿದಾಗ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಮಾಲಿನಿ, ಹನುಮಯ್ಯ ಇಬ್ಬರೇ ಉಳಿದರು. ಡಾಕ್ಟರು ಹೊರಗೆ ಬಂದು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು ಎಂದರು.

“ಶುಗರ್ ನಾನೂರು ದಾಟಿದೆ. ವರ್ಷಗಳಿಂದ ಇರೋ ಕಾಯಿಲೆ ಇದು. ಒಂದು ಸಲವಾದ್ರೂ ನೋಡಿಸ್ಲಿಲ್ವಾ ನೀವು?”

“ನಮ್ಮವ್ವನಿಗೆ ಶುಗರ್ ಇರಲಿಲ್ಲ ಡಾಕ್ಟ್ರೇ,” ಎಂದಳು ಮಾಲಿನಿ. “ಇರೋದು ಅಪ್ಪನಿಗೆ.”

ಡಾಕ್ಟರು ಹೋದರು. ಹನುಮಯ್ಯ ಬೆಂಚಿನಲ್ಲಿ ಮಗಳ ಪಕ್ಕಕ್ಕೆ ಸರಿದರು.

“ಸೂಜಿ ಅಂದ್ರೆ ನಂಗೆ ಭಯ ಕಣಮ್ಮ,” ಎಂದರು. “ಇಬ್ರೂ ಒಂದೇ ಮುದ್ದೆ ಉಣ್ಣೋರು, ಯಾರ ರಕ್ತ ಆದ್ರೇನು ಅಂತ ಪ್ರತಿ ಸಲಾನೂ ಅವಳೇ ಬೆರಳು ಕೊಡೋಳು.”