ಮೂರನೆಯ ಮಾತ್ರೆ

ಮಗಳ ರೂಮ್‌ಮೇಟ್ ಬೆಳಗಿನಿಂದ ತನ್ನ ಚೀಲವನ್ನು ತೊಡೆಯಿಂದ ಕೆಳಗಿಳಿಸಿರಲಿಲ್ಲ. ತಾಯಿ ಅತ್ತ ನೋಡಿದಾಗಲೆಲ್ಲ ಅವಳ ಕೈ ಜಿಪ್ಪಿನ ಮೇಲೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಐಸಿಯುವಿನ ಗಾಜಿನ ಬಾಗಿಲಿನಾಚೆ ಮಗಳು ಮಲಗಿದ್ದಳು. ಐದು ದಿನದ ಜ್ವರ, ಅಷ್ಟೇ. ಈಗ ಲಿವರ್ ಕೈಕೊಟ್ಟಿತ್ತು. ಇನ್ನೆರಡು ದಿನ ದಾಟಿದರೆ ಉಳಿಯುತ್ತಾಳೆ ಎಂದಿದ್ದರು ಡಾಕ್ಟರು. ತಾಯಿಗೆ ಅಳುವೂ ಬರಲಿಲ್ಲ.

"ಯಾರಾದ್ರೂ ವಿಷ ಹಾಕಿದ್ರಾ ಡಾಕ್ಟ್ರೇ?"

"ಜ್ವರದ ಮಾತ್ರೇನೇ ಅಮ್ಮ. ತಲೆನೋವಿಗೊಂದು, ಶೀತಕ್ಕೊಂದು, ಮೈಕೈ ನೋವಿಗೊಂದು ಅಂತ ಮೂರೂ ತಗೊಂಡಿದ್ದಾಳೆ. ಹೆಸರು ಬೇರೆ ಬೇರೆ, ಒಳಗಿರೋ ಔಷಧ ಒಂದೇ. ಅದು ಮಿತಿ ಮೀರಿದ್ರೆ ಲಿವರ್ ಕೆಡುತ್ತೆ. ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಯಾರೂ ಓದಲ್ಲ."

"ಯೂನಿವರ್ಸಿಟೀಲಿ ಓದೋ ಮಕ್ಕಳು. ಇಷ್ಟೂ ಗೊತ್ತಾಗಲ್ವಾ?"

ಡಾಕ್ಟರು ಫೈಲಿನ ಹಾಳೆ ತಿರುಗಿಸಿದರು.

ಪಕ್ಕದ ರೂಮಿನ ಇಬ್ಬರು ಹುಡುಗಿಯರು ಅಳುತ್ತ ಒಪ್ಪಿಕೊಂಡಿದ್ದರು. ತಲೆನೋವಿನದು ಒಬ್ಬಳು ಕೊಟ್ಟಿದ್ದಳು, ಶೀತದ್ದು ಇನ್ನೊಬ್ಬಳು. "ಕವರ್ ಮೇಲೆ ಬರೆದಷ್ಟೇ ತಗೋ ಅಂದಿದ್ವಿ ಆಂಟಿ."

ಹಾಗಾದರೆ ಮೂರನೆಯದು?

"ನಾನೇನೂ ಕೊಟ್ಟಿಲ್ಲ ಆಂಟಿ," ಎಂದಳು ರೂಮ್‌ಮೇಟ್, ನೆಲ ನೋಡುತ್ತ.

ಆದರೆ ಬೆಳಿಗ್ಗೆ ಅವಳೊಬ್ಬಳೇ ಡಾಕ್ಟರ ಕೋಣೆಗೆ ಹೋಗಿದ್ದಳು. "ದಯವಿಟ್ಟು ಆಂಟಿಗೆ ಮಾತ್ರ ಹೇಳಬೇಡಿ ಸರ್" ಎಂದದ್ದು ಬಾಗಿಲಾಚೆಗೂ ಕೇಳಿಸಿತ್ತು.

"ಹಾಸ್ಟೆಲಿಗೆ ಬಿಡುವಾಗ ಸೂಜಿ ದಾರದಿಂದ ಹಿಡಿದು ಎಲ್ಲಾ ಡಬ್ಬೀಲಿ ತುಂಬಿ ಕೊಟ್ಟಿದ್ದೆ," ಎಂದಳು ತಾಯಿ, ಅವಳಿಗೆ ಕೇಳಿಸಲೆಂದೇ. "ಕಂಡವರ ಹತ್ರ ಕೈಚಾಚೋ ಗತಿ ನನ್ನ ಮಗಳಿಗೆ ಇರಲಿಲ್ಲ. ಹೇಳಿದ ಮಾತು ಮೀರೋಳಲ್ಲ ಅವಳು."

ಹುಡುಗಿ ಚೀಲವನ್ನು ಇನ್ನಷ್ಟು ಅವುಚಿಕೊಂಡಳು.

ಅಷ್ಟರಲ್ಲಿ ನರ್ಸ್ ಹೊರಗೆ ಬಂದಳು. ರಕ್ತ ಬೇಕಿತ್ತು, ತಕ್ಷಣ. ರೂಮ್‌ಮೇಟ್ ರಕ್ತ ಕೊಡಲು ಅಂಗಿಯ ತೋಳು ಮಡಚುತ್ತಲೇ ಎದ್ದು ಓಡಿದಳು. ಚೀಲ ಕುರ್ಚಿಯ ಮೇಲೆ ಉಳಿಯಿತು.

ತಾಯಿ ಜಿಪ್ಪು ಎಳೆದಳು. ಪುಸ್ತಕಗಳ ಕೆಳಗೆ ಮಗಳ ಸ್ಟೀಲ್ ಡಬ್ಬಿ. ಕದ್ದಿದ್ದಾಳೆ, ಎಂದುಕೊಂಡಳು. ಮುಚ್ಚಳ ತೆಗೆದಳು. ಸೂಜಿ, ದಾರ, ಗುಂಡಿಗಳು. ಮಾತ್ರೆಯ ಎರಡು ಖಾಲಿ ಸ್ಟ್ರಿಪ್ಪು. ಅವಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ್ದ ಒಂದು ಚೀಟಿ:

"ಜ್ವರ, ಮೈಕೈ ನೋವು ಬಂದರೆ ದಿನಕ್ಕೆ ಮೂರು ತಗೋ. ಯಾರು ಏನೇ ಕೊಟ್ಟರೂ ಇದನ್ನ ಮಾತ್ರ ತಪ್ಪಿಸಬೇಡ. ಇಂತಿ, ಅಮ್ಮ."