ಸೊಸೆ ಬಿಚ್ಚಿದ ಎಂಜಿನ್ನು

ಕೊನೆಯ ಬೋಲ್ಟು ಸಡಿಲವಾದ ಮೇಲೆ ಸೊಸೆ ಉಸಿರು ಬಿಗಿಹಿಡಿದು ಸಿಲಿಂಡರನ್ನು ಮೇಲಕ್ಕೆಳೆದಳು. ಅದು ಹಟಮಾರಿ ಮಗುವಿನ ಹಾಗೆ ಅರ್ಧ ಬಂದು ನಿಂತಿತು, ನಾಲ್ಕು ಸಲ ಅಲ್ಲಾಡಿಸಿದ ಮೇಲೆ ಪೂರ್ತಿ ಬಂತು. ಒಳಗಿದ್ದ ಪಿಸ್ಟನ್ನಿನ ಒಂದು ಮಗ್ಗುಲು ಬೆಕ್ಕು ಪರಚಿದಂತೆ ಗೀರುಗೀರಾಗಿತ್ತು. ಅವಳು ದರ್ಜಿ. ತನ್ನ ಹೊಲಿಗೆ ಮಿಷನ್ನನ್ನು ತಾನೇ ಬಿಚ್ಚಿ ಜೋಡಿಸಿಕೊಳ್ಳುವವಳು, ನಿಜ. ಆದರೆ ಮರ ಕೊಯ್ಯುವ ಮಿಷನ್ನಿನ ಎಂಜಿನ್ನಿಗೆ ಕೈ ಹಾಕಿದ್ದು ಇದೇ ಮೊದಲು.

ಅದು ಮಾವನ ಮಿಷನ್ನು. ಮರ ಕೊಯ್ಯುವವರಲ್ಲಿ ಮಾವನದು ದೊಡ್ಡ ಹೆಸರು. ಎರಡು ಮನೆಗಳ ನಡುವೆ ಸಿಕ್ಕಿಕೊಂಡ ಮರವನ್ನೂ ಒಂದು ಹೆಂಚು ಒಡೆಯದಂತೆ ಮಲಗಿಸುವ ಮನುಷ್ಯ. ಅಂಥವರ ಮಿಷನ್ನು ಮೊನ್ನೆ ಕೆಲಸದ ನಡುವೆ ಗಕ್ಕನೆ ನಿಂತಿತು, ಹಗ್ಗ ಎಳೆದರೆ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಶಾಲೆಯ ಅಂಗಳದಲ್ಲಿ ವಾಲಿಕೊಂಡಿರುವ ಮರವನ್ನು ಈ ವಾರವೇ ಇಳಿಸಬೇಕಿತ್ತು. ಮುದುಕನ ಕಾಲ ಮುಗಿಯಿತು ಎನ್ನಲು ಕಾದು ಕುಳಿತವರು ಬೇಕಾದಷ್ಟು ಜನ. ಈ ಕೆಲಸ ಕೈತಪ್ಪಿದರೆ ಮುಂದೆ ಯಾರೂ ಕರೆಯುವುದಿಲ್ಲವೆಂದು ಮಾವನಿಗೂ ಗೊತ್ತಿತ್ತು, ಮನೆಯವರಿಗೂ ಗೊತ್ತಿತ್ತು.

ರಿಪೇರಿ ಅಂಗಡಿಗೆ ಒಯ್ಯೋಣ ಎಂದು ಗಂಡ ಹೇಳಿದ. ಮಾವ ಸುತರಾಂ ಒಪ್ಪಲಿಲ್ಲ. "ನೀನೇ ಬಿಚ್ಚಮ್ಮ, ನಿನ್ನ ಕೈ ಸೂಕ್ಷ್ಮ," ಎಂದು ಮಿಷನ್ನನ್ನು ತಂದು ಸೊಸೆಯ ಹೊಲಿಗೆ ಮೇಜಿನ ಮೇಲೇ ಇಟ್ಟರು. ಅಂಗಿಯಾದರೆ ಬಿಚ್ಚಿ ಹೊಲಿಯಬಹುದು, ಇದಕ್ಕೆ ಯಾವ ಬಣ್ಣದ ದಾರ ಹಾಕುತ್ತೀ ಎಂದು ಗಂಡ ಕಿಚಾಯಿಸಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ದೊಡ್ಡ ಕೆಲಸಗಾರ ತನ್ನನ್ನು ನಂಬಿದರಲ್ಲ ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಕೆಟ್ಟ ಪಿಸ್ಟನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಿಡಿಭಾಗದ ಅಂಗಡಿಗೆ ಹೋದಳು. ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನಕ್ಕುಬಿಟ್ಟ. ಪೆಟ್ರೋಲಿಗೆ ಎಣ್ಣೆ ಬೆರೆಸದೆ ಓಡಿಸಿದ್ದಾರೆ, ಜಾರಲು ಏನೂ ಇಲ್ಲದೆ ಲೋಹಕ್ಕೆ ಲೋಹ ಕಚ್ಚಿಕೊಂಡಿದೆ, ಈ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠವೇ ಇದು ಎಂದ.

"ಯಾರಮ್ಮಾ ಓಡಿಸಿದ್ದು? ಹೊಸಬರಾ?"

ಆ ಪಾಠವನ್ನು ಬಂದವರಿಗೆಲ್ಲ ಒಪ್ಪಿಸುತ್ತಿದ್ದವರು ಮಾವ. ಮೊನ್ನೆ ಪೆಟ್ರೋಲಿನ ಕ್ಯಾನು ತುಂಬಿಸಿಕೊಂಡು ಹೋದವರೂ ಅವರೇ. ಮರ ಕೊಯ್ಯುವವರೆಲ್ಲ ಬಂದು ಹರಟೆ ಕೊಚ್ಚುವ ಅಂಗಡಿ ಅದು. ಅಲ್ಲಿ ಬಾಯಿ ಬಿಟ್ಟರೆ ಊರಿಗೆಲ್ಲ ಡಂಗುರ ಹೊಡೆದಂತೆಯೇ.

"ಹೂಂ, ಹೊಸಬರು," ಎಂದಳು. "ನಾನೇ."

ಅವನ ಉಪದೇಶವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡಳು. ಹೊಸ ಪಿಸ್ಟನ್ನು, ಅದರ ರಿಂಗು, ಬೆರೆಸಿದರೆ ಪೆಟ್ರೋಲು ಹಸಿರಾಗುವಂಥ ಎಣ್ಣೆಯ ಒಂದು ಬಾಟಲಿ ತೆಗೆದುಕೊಂಡು ಹೊರಟಳು. ದಾರಿಯಲ್ಲಿ ಎಲ್ಲವೂ ಹೊಳೆಯಿತು. ಮೆಕ್ಯಾನಿಕ್ಕಾದರೆ ನೋಡಿದ ಕೂಡಲೇ ಹೇಳಿಬಿಡುತ್ತಾನೆ. ಏನೂ ತಿಳಿಯದ ಸೊಸೆ ಬಿಚ್ಚಿದರೆ ಗುಟ್ಟು ಮನೆಯೊಳಗೇ ಸತ್ತುಹೋಗುತ್ತದೆ. ಸೂಕ್ಷ್ಮ ಕೈಯಂತೆ, ಮಣ್ಣಂತೆ! ಮೊದಲು ಸಿಟ್ಟು ಬಂತು. ಮನೆ ಹತ್ತಿರವಾಗುವ ಹೊತ್ತಿಗೆ, ಪಾಪ, ಎಷ್ಟು ಹೆದರಿಕೊಂಡಿರಬೇಕು ಈ ಮನುಷ್ಯ ಎನ್ನಿಸಿತು.

ಸಿಲಿಂಡರಿನ ಒಳಗೋಡೆಗೆ ಅಂಟಿದ್ದ ಅಲ್ಯೂಮಿನಿಯಮ್ಮನ್ನು ಎಮರಿ ಪೇಪರಿನಿಂದ ಸಾವಕಾಶವಾಗಿ ಉಜ್ಜಿ ತೆಗೆದಳು. ಹೊಸ ಪಿಸ್ಟನ್ನಿನ ಪಿನ್ನನ್ನು ಹಿಡಿದಿಡುವ ಸಣ್ಣ ಕ್ಲಿಪ್ಪು ಹಾರಿ ಎಂಜಿನ್ನಿನ ಹೊಟ್ಟೆಗೆ ಬೀಳದಿರಲೆಂದು ಅದರ ಬಾಯಿಗೆ ಬಟ್ಟೆಯ ಚೂರು ತುರುಕಿದಳು. ದರ್ಜಿಯ ಮನೆಯಲ್ಲಿ ಚೂರಿಗೇನು ಬರ? ಇಷ್ಟೆಲ್ಲ ಆದ ಮೇಲೆ ನೋಡಿದರೆ ಪಿಸ್ಟನ್ನಿನ ತಲೆಯ ಮೇಲಿನ ಬಾಣದ ಗುರುತು ಹೊಗೆ ಹೋಗುವ ಕಡೆಗೆ ಇರಬೇಕಾದದ್ದು ತಿರುವುಮುರುವಾಗಿತ್ತು. ಅಂಗಿಯ ತೋಳು ಉಲ್ಟಾ ಹೊಲಿದಂತಾಯಿತು. ಬಿಚ್ಚಿ ಮತ್ತೆ ಕೂರಿಸಿದಳು. ಮಾವ ಬಾಗಿಲ ಬಳಿ ಸುಳಿದಾಡುತ್ತಿದ್ದರು, ಒಳಗೆ ಬರಲಿಲ್ಲ.

ಮುಗಿಯಿತೆಂದು ಕೂಗಿ ಹೇಳಿ ಅವಳು ಕೈ ತೊಳೆಯಲು ಹೋದಳು. ಬರುವಷ್ಟರಲ್ಲಿ ಮಾವ ಮಿಷನ್ನನ್ನು ಅಂಗಳಕ್ಕೆ ಒಯ್ದು, ಮುಖ ಅರಳಿಸಿಕೊಂಡು ಕ್ಯಾನನ್ನು ಟ್ಯಾಂಕಿಗೆ ಬಗ್ಗಿಸಿದ್ದರು. ಬೀಳುತ್ತಿದ್ದ ಪೆಟ್ರೋಲಿನಲ್ಲಿ ಹಸಿರಿನ ಸುಳಿವೇ ಇರಲಿಲ್ಲ. ಎಣ್ಣೆಯ ಬಾಟಲಿ ಅವರ ಕಾಲ ಬಳಿಯೇ ಇತ್ತು, ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಅವಳು ಬಂದು ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಪೆಟ್ರೋಲು ಬೆರಳುಗಳ ಮೇಲೆ ತಣ್ಣಗೆ ಹರಿಯಿತು.

"ಬಣ್ಣ ಬಂದಿಲ್ಲ ಮಾವ."

ಮಾವ ಬಾಟಲಿಯನ್ನು ನೋಡಿದರು, ಕ್ಯಾನನ್ನು ನೋಡಿದರು, ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅಂಗಡಿಯವನಿಗೆ ಗೊತ್ತಾಯಿತೇ ಎಂದು ಕೇಳಿದರು. ಓಡಿಸಿದ್ದು ನಾನೇ ಅಂದಿದ್ದೇನೆ ಎಂದಳು.

ಸೊಸೆ ಟ್ಯಾಂಕಿನಲ್ಲಿದ್ದುದನ್ನು ಕ್ಯಾನಿಗೆ ಸುರಿದು, ಎಣ್ಣೆ ಅಳೆದು ಬೆರೆಸಿ, ಮತ್ತೆ ತುಂಬಿಸಿದಳು. ಮಾವ ಎದ್ದು ಹಗ್ಗ ಎಳೆದರು. ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಎಂಜಿನ್ನು ಗಂಟಲು ಬಿಚ್ಚಿತು. ಮಾವ ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿದರು. ಬಹಳ ಚೆನ್ನಾಗಿ ಕೂರಿಸಿದ್ದೀಯ ಎನ್ನುವ ಹಾಗೆ ತಲೆಯಾಡಿಸಿ, ನಿಲ್ಲಿಸಿ, ಕ್ಯಾನನ್ನು ಎರಡೂ ಕೈಯಿಂದ ಎತ್ತಿ ಸೊಸೆಗೆ ಕೊಟ್ಟರು.

"ಇನ್ಮೇಲೆ ನೀನೇ ಬೆರೆಸಿಕೊಡಮ್ಮ. ಯಾವತ್ತಾದ್ರೂ ನಾನು ಇದನ್ನೂ ಮರೆತು, ಬೈದು, ಜಗಳ ಆಡಿ ಕೇಳ್ತೀನಿ. ಆಗ್ಲೂ ಇದನ್ನ ನನ್ನ ಕೈಗೆ ಕೊಡಬೇಡ."