ಬೀಬೀಜಾನಳ ಕಲ್ಲು

ಗನಿಸಾಬ ಅಚ್ಚಿನ ಹಲಗೆಗಳನ್ನು ಮೆಲ್ಲಗೆ ಬಿಡಿಸಿದ. ಕಲ್ಲು ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಮಿಲ್ಲಿನ ಬೂದಿ, ಮಾರ್ಬಲ್ ಅಂಗಡಿಯವರು ಎಸೆದ ಚೂರು, ಒಡೆದ ಕಪ್ಪು-ಬಸಿ, ಒಂದಿಷ್ಟು ಸಿಮೆಂಟು. ಮುಂಬೈಯ ಕಾಂದಿವಲಿಯ ಆ ಶೆಡ್ಡಿನಲ್ಲಿ ಇವುಗಳಿಂದಲೇ ಯಾರ್‍ಯಾರದೋ ಮನೆಗಳಿಗೆ ನೆಲದ ಕಲ್ಲು ತಯಾರಾಗುತ್ತಿತ್ತು. ಇದೊಂದನ್ನು ಮಾತ್ರ ಅವನು ತನಗಾಗಿ ಮಾಡಿಕೊಂಡಿದ್ದ. ಮೇಲೆ ಸೋಡಾ ಬಾಟಲಿಯ ಹಸಿರು ಗಾಜು ಒತ್ತಿ ಮೂಡಿಸಿದ ಹೆಸರು: ಬೀಬೀಜಾನ.

ಅವನಿಗೆ ಓದುಬರಹವಿಲ್ಲ. ಕಲ್ಲು ಹಸಿಯಿದ್ದಾಗ ಜೊತೆಯ ಕೆಲಸಗಾರ ಶೆಟ್ಟೆಪ್ಪ ಮೊಳೆಯಿಂದ ಅಕ್ಷರ ಗೀರಿಕೊಟ್ಟಿದ್ದ.

"ಕಾಕಾ, ಉರ್ದುದಾಗ ಬರಿಸಬೇಕಿತ್ತಲ್ಲ?" ಎಂದ ಶೆಟ್ಟೆಪ್ಪ.

"ಆಕಿಗೆಲ್ಲಿ ಉರ್ದು ಬರ್ತಿತ್ತೋ ತಮ್ಮಾ. ತನ್ನ ಹೆಸರು ಕನ್ನಡದಾಗಷ್ಟ ಓದ್ತಿದ್ಲು."

ಅವನ ಹೆಂಡತಿ ಬೀಬೀಜಾನ ಇದೇ ಶೆಡ್ಡಿನ ಬಾಗಿಲಲ್ಲಿ ಕುಳಿತು ಗಾಜು ಆರಿಸುತ್ತಿದ್ದಳು. ಕೆಲವು ವರ್ಷಗಳ ಹಿಂದೆ, ರೈಲ್ವೆ ಸ್ಟ್ರೈಕ್ ಆದ ವರ್ಷ, ಮಳೆಗಾಲದಲ್ಲಿ ಜ್ವರ ಬಂದು ಪರೇಲಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅಲ್ಲೇ ಹತ್ತಿರದಲ್ಲಿ ಮಣ್ಣು ಕೊಟ್ಟಿದ್ದರು. ಮಕ್ಕಳಿರಲಿಲ್ಲ. ಗನಿಸಾಬ ತನ್ನ ಒಂದೇ ಕೋಣೆಯ ಖೋಲಿಯಲ್ಲಿ ಈಗಲೂ ಮರೆತು ಇಬ್ಬರಿಗಾಗುವಷ್ಟು ಚಹಾ ಕಾಸುತ್ತಿದ್ದ.

ಭಾನುವಾರ ಕಲ್ಲನ್ನು ಗೋಣಿಯಲ್ಲಿ ಸುತ್ತಿ, ಲೋಕಲ್ ಹತ್ತಿ, ಕಬರಸ್ತಾನಕ್ಕೆ ಹೋದ. ಬೇವಿನ ಮರದ ಬುಡದಲ್ಲಿ ಅವಳ ಗೋರಿಯ ಗುರುತೇ ಇರಲಿಲ್ಲ. ಹೊಸ ಮಣ್ಣಿನ ಸಣ್ಣ ದಿಬ್ಬ; ಮೇಲೆ ಇನ್ನೂ ಬಾಡದ ಗುಲಾಬಿ ಪಕಳೆಗಳು. ಗನಿಸಾಬ ಕಾವಲಿನವನನ್ನು ಕೂಗಿದ.

ಕಾವಲಿನವನು ವಿಜಾಪುರದ ಕಡೆಯವನು. ಓಡಿಬಂದ.

"ಏನ್ ಮಾಡೂದು ಚಾಚಾ, ಈ ಮುಂಬೈದಾಗ ಜಗಾ ಎಲ್ಲೈತಿ? ಮೊನ್ನೆ ಒಂದು ಕೂಸು ಬಂತು. ಇಲ್ಲೇ ಮಲಗಿಸಿದ್ವಿ."

"ಮತ್ತ ನಮ್ಮಾಕಿ?"

"ಆಕೀನೂ ಇಲ್ಲೇ ಅದಾಳ. ಕೂಸಿನ ಕೆಳಗ."

ಗನಿಸಾಬ ದಿಬ್ಬದ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಗಾಳಿಗೆ ಸರಿದಿದ್ದ ಪಕಳೆಗಳನ್ನು ಮತ್ತೆ ಮೇಲೇರಿಸಿದ.

"ಇರಲಿ ಬಿಡು," ಎಂದ. "ಆಕೀ ಮಡಿಲು ಖಾಲೀನ ಇತ್ತು."

ಕಾವಲಿನವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಕಲ್ಲು ಹಚ್ಚೂ ಹುಕುಂ ಇಲ್ಲ ಚಾಚಾ. ಆದರೂ ಆ ಮೂಲ್ಯಾಗ ನಿಲ್ಲಿಸಿ ಹೋಗ್ರಿ. ನಾ ಯಾರಿಗೂ ಹೇಳಂಗಿಲ್ಲ."

"ಬ್ಯಾಡಪ್ಪ. ಕೂಸಿನ ಅವ್ವ ಬಂದ್ರ ಬ್ಯಾರೇದವರ ಹೆಸರು ನೋಡಿ ಎದಿ ಒಡ್ಕೋತಾಳ."

"ಮತ್ತ ಇಷ್ಟು ಭಾರ ಹೊತ್ಕೊಂಡು ಬಂದೀರಿ, ಇದನ್ನೆಲ್ಲಿ ಇಡ್ತೀರಿ?"

ಗನಿಸಾಬ ಗೋಣಿ ಬಿಗಿದು ಕಲ್ಲನ್ನು ಮತ್ತೆ ಹೆಗಲಿಗೇರಿಸಿದ.

"ನಮ್ಮ ಖೋಲಿಯಾಗ ಬೇಕಾದಷ್ಟು ಜಗಾ ಐತಿ."